ಆರದ ಹಾಸಿಗೆ

ಮಗಳು ತೀರಿಕೊಂಡ ಮೇಲೆ ಹೆಂಡತಿ ಮನೆಯಿಂದ ಹೊರಬಿದ್ದಿರಲಿಲ್ಲ. ವಾರಾಂತ್ಯಕ್ಕೆಂದು ನಗರದಾಚೆಯ ಕೆರೆಯ ಬಳಿ ಆತುರದಲ್ಲಿ ಮೊಬೈಲಿನಲ್ಲೇ ಅಗ್ಗದ ಕೋಣೆ ಕಾಯ್ದಿರಿಸಿದೆ. ಕೈ ರೂಢಿಯಂತೆ ‘ಮೂವರು’ ಎಂದು ಒತ್ತಿಬಿಟ್ಟಿತ್ತು. ಹೋದರೆ, ಮೂಲೆಯಲ್ಲಿ ಪುಟ್ಟ ಮಂಚ.

“ತೆಗೆಸಲಾ?”

“ಇರ್ಲಿ ಬಿಡಿ, ಅದೇನು ನಿಮ್ಮ ತಲೆ ಮೇಲೆ ಕೂತಿದೆಯಾ?”

ಬೆಳಿಗ್ಗೆ ಅದರ ದಿಂಬು ಕಾಲ್ದೆಸೆಗಿತ್ತು. ಮಗಳು ಮಲಗುತ್ತಿದ್ದುದೇ ಹಾಗೆ.

“ನೀನು ಇಟ್ಟೆಯಾ?”

“ನೀವಲ್ವಾ?”

ಹಾಸಿಗೆ ಮುಟ್ಟಿದೆ, ನಡುವೆ ಬೆಚ್ಚಗಿತ್ತು. ಅಲ್ಲಿಗೆ ಬಿಸಿಲು ಬೀಳುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ದುಡಿಯುವವನ ಚಾಳಿ, ಹೋಲಿಕೆಗೆಂದು ನಮ್ಮ ಹಾಸಿಗೆಯನ್ನೂ ಮುಟ್ಟಿದೆ. ಅದು ಆಗಲೇ ಆರಿತ್ತು.

ಮಧ್ಯಾಹ್ನ ಕೋಣೆ ಬಿಡಲೇಬೇಕಿತ್ತು. ಹೆಂಡತಿ ಆ ಪುಟ್ಟ ಮಂಚದ ಹೊದಿಕೆಯನ್ನು ಸರಿಮಾಡುತ್ತಲೇ ಇದ್ದಳು.

“ಬಿಟ್ಟು ಹೋಗೋದು ಹೇಗ್ರೀ?” ಎಂದಳು, ಪಿಸುಮಾತಿನಲ್ಲಿ.

ಹೊರಡುವ ಮುನ್ನ ಇನ್ನೊಮ್ಮೆ ಮುಟ್ಟಿದೆ. ಬಿಸಿ ಇಳಿದಿರಲಿಲ್ಲ.