ಅಕ್ಕನ ಹದಿನೇಳು ಮಧ್ಯಾಹ್ನ

ಅಕ್ಕ ತೀರಿಕೊಂಡ ಐದನೆಯ ದಿನ ಬೆಳಿಗ್ಗೆ, ಅವಳ ಮಾತುಗಳು ಕಾಣೆಯಾಗಿರುವುದು ಗೊತ್ತಾಯಿತು.

ಅವಳು ಬೇರೆ ಊರಿನಲ್ಲಿದ್ದ ಮಗಳೊಂದಿಗೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಕಾಯಿಲೆ ಬಲಿತ ಮೇಲೆ, ಮಗಳಿಗೆ ಹೇಳಬೇಕಾದುದನ್ನೆಲ್ಲ ಧ್ವನಿಮುದ್ರಿಸಿ ಇಡುವೆನೆಂದು ಹಟ ಹಿಡಿದಳು. ಮಗ ಮನೆಯ ಕಂಪ್ಯೂಟರಿನಲ್ಲೇ ಒಂದು ಸಣ್ಣ ಸರ್ವರ್ ಹೂಡಿ, ಬ್ರೌಸರಿನಲ್ಲಿ ಎರಡು ಗುಂಡಿಗಳ ಪುಟ ಮಾಡಿಕೊಟ್ಟ. ಕೆಂಪು ಒತ್ತಿ ಮಾತಾಡಬೇಕು. ಹಸಿರು ಒತ್ತಿದರೆ ‘ಉಳಿಸಲಾಗಿದೆ’ ಎಂದು ಬರುತ್ತಿತ್ತು. ಹದಿನೇಳು ಮಧ್ಯಾಹ್ನ ಅಕ್ಕ ಬಾಗಿಲು ಹಾಕಿಕೊಂಡು ಮಾತಾಡಿದಳು.

ಈಗ ಆ ಮಾತುಗಳು ಸೇರಬೇಕಿದ್ದ ಫೋಲ್ಡರಿನಲ್ಲಿ ಇದ್ದದ್ದು ಒಂದೇ ಕಡತ. ಅದರಲ್ಲಿ ಅವಳ ಮಗನ ದನಿ: “ಹಲೋ, ಹಲೋ, ಒಂದು, ಎರಡು.”

“ನೀನೇ ಅಳಿಸಿದ್ದೀಯ,” ಅಕ್ಕನ ಮಗಳು ತಮ್ಮನ ಮೇಲೆ ಎರಗಿದಳು. “ಅಮ್ಮ ನನ್ನ ಕ್ಷಮಿಸಿಬಿಟ್ರೆ ನಿನಗೇನೋ ಹೊಟ್ಟೆಉರಿ?”

“ನಾನ್ಯಾಕೆ ಅಳಿಸ್ಲಿ?”

“ನಿನ್ನ ಬಿಟ್ರೆ ಈ ಮನೇಲಿ ಕಂಪ್ಯೂಟರ್ ಯಾರಿಗೆ ಬರುತ್ತೆ? ಮಾವನಿಗಾ?”

ಬಲ್ಲವರನ್ನು ಕರೆತರುತ್ತೇನೆಂದು ನಾನು ಚಪ್ಪಲಿ ಮೆಟ್ಟಿದೆ.

* * *

ಪಕ್ಕದ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಾರೆ. ಬಂದವಳು ನೀರೂ ಮುಟ್ಟದೆ ಕಂಪ್ಯೂಟರಿನ ಮುಂದೆ ಕುಳಿತಳು.

“ಅಳಿಸಿಲ್ಲ,” ಎಂದಳು ಹತ್ತು ನಿಮಿಷದ ನಂತರ. “ಇಲ್ಲಿಗೆ ಬಂದೇ ಇಲ್ಲ.”

“ಮತ್ತೆ ‘ಉಳಿಸಲಾಗಿದೆ’ ಅಂತ ಬರ್ತಿತ್ತಲ್ಲ?”

“ಉಳಿದ್ರೂ ಬರುತ್ತೆ, ಉಳೀದಿದ್ರೂ ಬರುತ್ತೆ. ಹಾಗೆ ಬರೆದಿದ್ದೀಯಪ್ಪ, ಮಹಾರಾಯ.”

ಅಕ್ಕನ ಮಗ ತಲೆ ತಗ್ಗಿಸಿದ.

“ನೋಡಿದ್ರಾ ಇವನ ಕೆಲಸ!” ಎಂದಳು ಅವನ ಅಕ್ಕ.

“ತಾಳಮ್ಮ. ಅದು ತಪ್ಪೇ. ಆದ್ರೆ ದಾರಿ ಮುಚ್ಚಿದ್ದು ಅದಲ್ಲ.”

ಡಾಕ್ಟರಮ್ಮ, ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಿನಚರಿ ತೆರೆದಳು. ಹದಿನೇಳು ಸಾಲು. ಎಲ್ಲವೂ ನಾಲ್ಕು ಗಂಟೆಯ ಆಸುಪಾಸು. ಎಲ್ಲದರಲ್ಲೂ ಒಂದೇ ಮಾತು: ಬರೆಯಲು ಅನುಮತಿ ಇಲ್ಲ.

“ಈ ಯಂತ್ರದ ಲೆಕ್ಕದಲ್ಲಿ ನೀವೊಬ್ರು, ಸರ್ವರ್ ಇನ್ನೊಬ್ಬ. ನಿಮ್ಮ ಫೋಲ್ಡರಲ್ಲಿ ಅವನು ಬರೀಬೇಕಾದ್ರೆ ನಿಮ್ಮ ಒಪ್ಪಿಗೆ ಬೇಕು. ಮೊದಲು ಇತ್ತು, ಅದಕ್ಕೇ ‘ಹಲೋ ಹಲೋ’ ಉಳಿದಿದೆ. ಆಮೇಲೆ ಯಾರೋ ತೆಗೆದಿದ್ದಾರೆ. ಒಂಬತ್ತನೇ ತಾರೀಕು, ಹನ್ನೊಂದು ಹತ್ತಕ್ಕೆ. ಆಗ ಮನೇಲಿ ಯಾರಿದ್ರು?”

“ಆವತ್ತು ಅಮ್ಮನ್ನ ಸ್ಕ್ಯಾನಿಂಗಿಗೆ ಕರ್ಕೊಂಡು ಹೋಗಿದ್ದೆ,” ಎಂದ ಅಕ್ಕನ ಮಗ. ಆಸ್ಪತ್ರೆಯ ಚೀಟಿ ತಂದು ತೋರಿಸಿದ. ಅದರ ಮೇಲೆ ಹನ್ನೊಂದು ಗಂಟೆಯ ಮುದ್ರೆಯಿತ್ತು.

ಮೂವರೂ ನನ್ನ ಕಡೆ ತಿರುಗಿದರು.

* * *

“ನಾನೇ,” ಎಂದೆ.

ಮೂವತ್ತು ವರ್ಷ ದಾಖಲೆ ಕೊಠಡಿಯ ಕೀಲಿಗೊಂಚಲು ನನ್ನ ಸೊಂಟದಲ್ಲಿತ್ತು. ತೆರೆದ ಕಪಾಟು ಕಂಡರೆ ಕೈ ಸುಮ್ಮನಿರದು. ಅಂದು, ಅಕ್ಕನ ಮಗ ಮಾಡುವುದನ್ನು ಕಂಡು ಕಲಿತಂತೆ, ಆ ಫೋಲ್ಡರಿನ ವಿವರ ನೋಡಿದೆ. ‘ಇತರರು: ಓದಬಹುದು, ಬರೆಯಬಹುದು’ ಎಂದಿತ್ತು. ಅಕ್ಕನ ಮನದ ಮಾತನ್ನು ಯಾರೋ ಇತರರು ಓದಿ ತಿದ್ದುವುದೇ? ಆ ಇತರರಲ್ಲಿ ಸರ್ವರ್ ಕೂಡ ಒಬ್ಬನೆಂದು ತಿಳಿಯದೆ ‘ಯಾವ ಅನುಮತಿಯೂ ಇಲ್ಲ’ ಎಂದು ಬದಲಿಸಿದೆ. ಒಳ್ಳೆಯ ಕೆಲಸ ಮಾಡಿದೆನೆಂದು ದೇವರಿಗೆ ಕೈಮುಗಿದೆ.

“ಹೇಗಾದ್ರೂ ತೆಗೆಯೋಕಾಗಲ್ವಾ?” ಅಕ್ಕನ ಮಗಳು ಕೇಳಿದಳು.

“ಅಳಿಸಿದ್ದನ್ನ ಹುಡುಕಬಹುದು ತಾಯಿ,” ಎಂದಳು ಡಾಕ್ಟರಮ್ಮ. “ಬರೆಯದೇ ಇದ್ದದ್ದನ್ನ ಎಲ್ಲಿ ಹುಡುಕಲಿ?”

“ಮಾವ, ನೀವು ಮನೇಲೇ ಇದ್ರಲ್ಲ. ಏನಾದ್ರೂ ಕೇಳಿಸಿತ್ತಾ? ಒಂದು ಮಾತು?”

ಇಲ್ಲ. ತಾಯಿ ಮಗಳ ಮಾತಿಗೆ ಕಿವಿ ಕೊಡಬಾರದೆಂದು, ಅಕ್ಕ ಬಾಗಿಲು ಹಾಕಿದೊಡನೆ ನಾನು ಬೀದಿಗೆ ಹೋಗಿ ನಿಲ್ಲುತ್ತಿದ್ದೆ.

ಭಗವಂತಾ, ಅವಳು ಆಡಿದ್ದನ್ನು ಕೇಳಿದವನು ನೀನೊಬ್ಬನೇ. ನನ್ನನ್ನು ಕ್ಷಮಿಸೆಂದು ಬೇಡಲು ನನಗೆ ಮುಖವಿಲ್ಲ. ಹೇಳುವುದನ್ನೆಲ್ಲ ಹೇಳಿ ಮುಗಿಸಿದೆನೆಂಬ ನೆಮ್ಮದಿಯಲ್ಲಿ ಅವಳು ಕಣ್ಣು ಮುಚ್ಚಿದಳು. ಆ ನೆಮ್ಮದಿಯನ್ನು ಕೆಡಿಸಬೇಡ. ಅಕ್ಕನ ಆತ್ಮಕ್ಕೆ ಶಾಂತಿ ಕೊಡು.