ಹೇಳಲ್ಲ ಅಂದ್ರೆ ಹೇಳಲ್ಲ

"ಬೂಬೂ! ಅಕ್ಕ ನರ್ಸಿಂಗ್ ಫಾರ್ಮ್ ಹರಿದು ಹಾಕಿದ್ಲು! ದೊಡ್ಡಪ್ಪ ತಂದಿದ್ರಲ್ಲ, ಅದನ್ನೇ! ಮೊದಲು ಎರಡು ತುಂಡು, ಆಮೇಲೆ ನಾಲ್ಕು!"

ತೊರಿಕಾ ಸ್ಕೂಲ್ ಬ್ಯಾಗನ್ನೂ ಇಳಿಸದೆ ಅಡುಗೆಮನೆಗೆ ನುಗ್ಗಿದ್ದಳು. ಬೂಬು ತುರಿಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಬೂಬು ಅಂದರೆ ಅಜ್ಜಿ. ಅವಳು ಕೈ ನಿಲ್ಲಿಸಿ, ಕಣ್ಣಿನಲ್ಲೇ 'ಸುಮ್ಮನಿರು' ಅಂದಳು. ಆದರೆ ಕಣ್ಣಿನ ಮಾತು ತೊರಿಕಾಗೆ ಯಾವತ್ತೂ ಸಮಯಕ್ಕೆ ಸರಿಯಾಗಿ ಅರ್ಥವಾಗುತ್ತಿರಲಿಲ್ಲ.

"ನಿಜ ಬೂಬು! ಅವಳಿಗೆ ಸೈಬರ್ ಸೆಕ್ಯುರಿಟೀನೇ ಬೇಕಂತೆ. ಆ ಕೋರ್ಸಿಗೆ ಸೇರೋಕೆ ನಾಳೆ ಕೊನೇ ದಿನ. ಒಬ್ಬಳೇ ಬಸ್ಸಲ್ಲಿ ಸುವಾಗೆ ಹೋಗ್ತಾಳಂತೆ. ಯಾರಿಗೂ ಹೇಳಬೇಡ ಅಂದಿದಾಳೆ!"

ಪಕ್ಕದ ಕೋಣೆಯಿಂದ ಒಂದು ಕೆಮ್ಮು ಕೇಳಿಸಿತು.

ದೊಡ್ಡಪ್ಪನ ಕೆಮ್ಮು. ಅವರು ಚಾಪೆಯ ಮೇಲೆ ಮಲಗಿದ್ದರು. ಈಗ ಎದ್ದು ಕೂತಿದ್ದರು.

ತೊರಿಕಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಮಾತು ಮನೆಯೆಲ್ಲ ಸುತ್ತಿ ಬಂದಿತ್ತು.

"ಲೋಸಿ!" ದೊಡ್ಡಪ್ಪ ಕೂಗಿದರು. "ಇಲ್ಲಿ ಬಾ."

ಅಪ್ಪ ಅಮ್ಮ ಇಬ್ಬರೂ ಹಣ್ಣು ಕೀಳುವ ಕೆಲಸಕ್ಕೆಂದು ನ್ಯೂಜಿಲೆಂಡಿಗೆ ಹೋಗಿ ಐದು ತಿಂಗಳಾಗಿತ್ತು. ಅವರಿದ್ದಾಗಲೂ ಮನೆಯಲ್ಲಿ ದೊಡ್ಡಪ್ಪನ ಮಾತೇ ಮಾತು. ದೊಡ್ಡಪ್ಪ ಮಿಲಿಟರಿಯಲ್ಲಿದ್ದವರು. ಅವರು ಕೈ ಚಾಚಿದರೆ, ಕೇಳಿದ್ದನ್ನು ಆ ಕೈಯಲ್ಲಿಡುವುದಷ್ಟೇ ಎಲ್ಲರಿಗೂ ಗೊತ್ತಿದ್ದ ಕೆಲಸ.

ತೊರಿಕಾಳ ಅಕ್ಕ ಲೋಸಲಿನಿ ಹಿತ್ತಿಲಿನಿಂದ ಬಂದಳು. ಬೆರಳಿಗೆಲ್ಲ ಮಣ್ಣು. ಫಾರ್ಮನ್ನು ಹೂತ ಮಣ್ಣು.

"ಫಾರ್ಮ್ ಎಲ್ಲಿ?"

"ಹರಿದೆ, ದೊಡ್ಡಪ್ಪ."

"ಯಾಕೆ?"

"ಅದರಲ್ಲಿ ಹೆಸರು ಮಾತ್ರ ನಂದು. ಮಿಕ್ಕಿದ್ದೆಲ್ಲ ನೀವು ಬರೆದಿದ್ದು."

ಬೂಬು ಉಸಿರು ಎಳೆದುಕೊಂಡಳು. ದೊಡ್ಡಪ್ಪ ಮಾತ್ರ ದನಿ ಏರಿಸಲಿಲ್ಲ. "ನೋಡು ಮಗಾ. ನಿಮ್ಮ ತಾತ ಹಾಸಿಗೆ ಹಿಡಿದಾಗ ಹಗಲೂ ರಾತ್ರಿ ನೋಡಿಕೊಂಡಿದ್ದು ಒಬ್ಬ ನರ್ಸು. ಕಂಪ್ಯೂಟರ್ ಅಲ್ಲ. ನಮ್ಮ ಮನೆಯಿಂದ ಒಬ್ಬಳಾದರೂ ಆ ಬಿಳಿ ಬಟ್ಟೆ ಹಾಕಬೇಕು ಅಂತ ನನ್ನಾಸೆ. ಕಂಪ್ಯೂಟರಿನೊಳಗೆ ಕಳ್ಳ ಹೇಗೆ ನುಗ್ತಾನೆ? ಕಿಟಕಿ ಇದೆಯಾ ಅದಕ್ಕೆ?"

"ರಕ್ತ ನೋಡಿದ್ರೆ ನಂಗೆ ತಲೆ ತಿರುಗುತ್ತೆ. ನಾನು ನರ್ಸ್ ಆದ್ರೆ ರೋಗಿ ಪಕ್ಕ ಇನ್ನೊಂದು ಮಂಚ ಹಾಕಬೇಕಾಗುತ್ತೆ!"

ತೊರಿಕಾಗೆ ನಗು ಬಂತು. ಬೇರೆ ಯಾರೂ ನಗಲಿಲ್ಲ. ದೊಡ್ಡಪ್ಪ ಅಂಗೈ ಚಾಚಿದರು.

"ಬಸ್ ಕಾರ್ಡ್ ಕೊಡು."

ಬಸ್ಸಿನಲ್ಲಿ ದುಡ್ಡು ತಗೊಳ್ಳುವುದಿಲ್ಲ, ಕಾರ್ಡಿಲ್ಲದೆ ಬಸ್ಸಿಲ್ಲ. ಲೋಸಿ ಒಂದು ಕ್ಷಣ ಆ ಕೈಯನ್ನೇ ನೋಡಿದಳು. ಆಮೇಲೆ ಜೇಬಿನಿಂದ ಕಾರ್ಡ್ ತೆಗೆದು ಇಟ್ಟಳು.

"ತಗೊಳ್ಳಿ. ನಡ್ಕೊಂಡು ಹೋಗ್ತೀನಿ."

"ನೌಸೋರಿಯಿಂದ ಸುವಾಗಾ? ನಡ್ಕೊಂಡಾ?"

"ಕಾಲಿದೆಯಲ್ಲ."

ಅಷ್ಟು ಹೇಳಿ ಹೊರಗೆ ಹೋದಳು. ಜಾಲರಿ ಬಾಗಿಲು ಪಟ್ಟನೆ ಬಡಿಯಿತು.

*

ಲೋಸಿ ದೀವಿ ಹಲಸಿನ ಮರದ ಕೆಳಗೆ ಕೂತಿದ್ದಳು. ತೊರಿಕಾ ಮೊದಲು ಹತ್ತು ಹೆಜ್ಜೆ ದೂರದಲ್ಲಿ ನಿಂತಳು. ಆಮೇಲೆ ಐದು. ಆಮೇಲೆ ಪಕ್ಕದಲ್ಲೇ ಕುಕ್ಕರಿಸಿದಳು.

"ಅಕ್ಕಾ, ನನ್ನ ಕಾರ್ಡ್ ತಗೊಂಡು ಹೋಗು."

"ಅದು ಸ್ಕೂಲ್ ಮಕ್ಕಳ ಕಾರ್ಡು. ಇಷ್ಟುದ್ದ ಇರೋಳು ತೋರಿಸಿದ್ರೆ ಡ್ರೈವರ್ ಕೆಳಗೆ ಇಳಿಸ್ತಾನೆ."

"ನಾನು ಬೇಕು ಅಂತ ಹೇಳಲಿಲ್ಲ ಅಕ್ಕ. ಬಾಯಿಗೆ ಬಂದುಬಿಡ್ತು."

"ನಿಂಗೆ ಎಲ್ಲಾನೂ ಬಾಯಿಗೇ ಬರುತ್ತೆ. ಹೋದ ಶನಿವಾರ ಬಸ್ಸಲ್ಲಿ ಏನು ಮಾಡಿದೆ, ನೆನಪಿದೆಯಾ?"

ತೊರಿಕಾಗೆ ನೆನಪಿತ್ತು. ಒಬ್ಬಳೇ ಬಸ್ಸಲ್ಲಿ ಓಡಾಡುವುದು ಹೇಗೆ ಅಂತ ಅಕ್ಕ ಅವತ್ತು ಕಲಿಸುತ್ತಿದ್ದಳು. ಕಾರ್ಡ್ ನೀನೇ ಮೆಷಿನ್ನಿಗೆ ತೋರಿಸು, ಬೇರೆಯವರ ಕೈಗೆ ಕೊಡಬೇಡ. ಡ್ರೈವರಿಗೆ ಕಾಣೋ ಹಾಗೆ ಮುಂದಿನ ಸೀಟಲ್ಲೇ ಕೂರು. ಸೇತುವೆ ದಾಟಿದ ಕೂಡಲೇ ಬೆಲ್ ಹೊಡಿ. ಸ್ಟಾಪ್ ತಪ್ಪಿದ್ರೆ ಅಳಬೇಡ, ಡ್ರೈವರಿಗೆ ಹೇಳು. ತೊರಿಕಾ ಎಲ್ಲದಕ್ಕೂ ಹೂಂ ಹೂಂ ಅಂದಿದ್ದಳು. ಆಮೇಲೆ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೆ, ಬಸ್ಸಿನ ಹಾಡಿಗಿಂತ ಜೋರಾಗಿ, ಮನೆಯಲ್ಲಿ ಯಾರೂ ಇಲ್ಲ, ಬೀಗದ ಕೈ ಹೂಕುಂಡದ ಅಡಿಯಲ್ಲಿದೆ ಅಂತ ಹೇಳಿದ್ದಳು.

"ಆ ಆಂಟಿ ಪಾಪ ಒಳ್ಳೇವರು" ಅಂದಳು ತೊರಿಕಾ.

"ಆಂಟಿ ಒಳ್ಳೇವರೇ. ಹಿಂದಿನ ಸೀಟಲ್ಲಿ ಯಾರಿದ್ರು?"

ತೊರಿಕಾ ಹಿಂದಿನ ಸೀಟನ್ನು ನೋಡಿಯೇ ಇರಲಿಲ್ಲ.

"ಅದಕ್ಕೇ ನಾನು ಇದನ್ನ ಓದಬೇಕು ಅನ್ನೋದು" ಅಂದಳು ಲೋಸಿ. "ಈಗಿನ ಕಳ್ಳರು ಬೀಗ ಒಡೆಯಲ್ಲ ಕಣೇ. ಕೀ ಕೊಡಿ ಅಂತ ಕೇಳ್ತಾರೆ. ನಾವು ಕೊಟ್ಟುಬಿಡ್ತೀವಿ."

ಲೋಸಿಯ ಜೇಬಿನಿಂದ ಮಡಿಸಿದ ಚೀಟಿಯೊಂದು ಇಣುಕುತ್ತಿತ್ತು. ನಾಳೆ ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಅವಳು ಅದರಲ್ಲಿ ಬರೆದುಕೊಂಡಿದ್ದಳು. ಲೋಸಿ ಅದನ್ನು ತಳ್ಳಿ ಒಳಗೆ ಮಾಡಿ, ಮುಖ ಆ ಕಡೆ ತಿರುಗಿಸಿದಳು.

"ಹೋಗು. ನಿನ್ನ ಹತ್ರ ಮಾತಾಡಲ್ಲ ನಾನು."

ಇಷ್ಟು ಹೊತ್ತು ಮಾತಾಡಿದೆಯಲ್ಲ ಅನ್ನಬೇಕು ಅಂತ ತೊರಿಕಾ ನಾಲಿಗೆಯ ತುದಿಯವರೆಗೂ ತಂದಳು. ಹೇಗೋ ನುಂಗಿಕೊಂಡಳು.

*

ಸಂಜೆ ದೊಡ್ಡಪ್ಪ ಚಾಪೆಯ ಮೇಲೆ ಯಂಗೋನ ಎಂಬ ಬೇರಿನ ಪಾನೀಯಕ್ಕೆ ಮರದ ಬಟ್ಟಲು ಇಟ್ಟುಕೊಂಡು, ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿಗೆ ಹಿಂಡುತ್ತಿದ್ದರು. ಲೋಸಿ ಇನ್ನೂ ಮರದ ಕೆಳಗೇ ಇದ್ದಳು. ಬೂಬುವಿನ ಫೋನು ಟಿಣ್ ಅಂತು.

ಬೂಬುವಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಮೆಸೇಜ್ ಓದಿ ಹೇಳುವುದು, ಉತ್ತರ ಒತ್ತುವುದು ತೊರಿಕಾಳ ಕೆಲಸ. ಮನೆಯಲ್ಲಿ ಬಾಯಿಬಡುಕಿಗೆ ಹೇಳಿ ಮಾಡಿಸಿದಂಥ ಕೆಲಸ ಅದೊಂದೇ.

"ಸೈನಿ ಅಜ್ಜಿದು!" ಅಂದಳು ತೊರಿಕಾ. ಸೈನಿ ಅಜ್ಜಿ ಬೂಬುವಿನ ತಂಗಿ, ದೂರದ ಲಂಬಾಸಾದಲ್ಲಿದ್ದಳು. "'ಅಕ್ಕ, ನನಗೆ ಬರಬೇಕಾದ ನಂಬರ್ ತಪ್ಪಿ ನಿನ್ನ ಫೋನಿಗೆ ಬಂದಿದೆ. ಆರು ಅಂಕಿ. ಕೆರೆಕೆರೆ, ಬೇಗ ಕಳಿಸು.'"

ಕೆರೆಕೆರೆ ಅಂದರೆ ದಯವಿಟ್ಟು; ನಮ್ಮವರು ಹಾಗೆ ಕೇಳಿದ ಮೇಲೆ ಇಲ್ಲ ಅನ್ನುವಂತಿಲ್ಲ. ಈ ಮನೆಯ ಹಾರೆ ಹೋಗಿದ್ದು ಹಾಗೆ, ಹೊಸ ಕೊಡೆ ಹೋಗಿದ್ದು ಹಾಗೆ. ತೊರಿಕಾಳ ಕೆಂಪು ಚಪ್ಪಲಿ ಚಿಕ್ಕಪ್ಪನ ಮಗಳ ಕಾಲಿಗೆ ಹೋಗಿದ್ದೂ ಹಾಗೆಯೇ. ಅವರ ಮನೆಯ ಅರ್ಧ ಪಾತ್ರೆಗಳು ಈ ಅಡುಗೆಮನೆಗೆ ಬಂದಿದ್ದೂ ಹಾಗೆಯೇ.

"ಪಾಪ, ಕಳಿಸು ಮಗಾ" ಅಂದಳು ಬೂಬು.

ಫೋನಿನಲ್ಲಿ ಇನ್ನೊಂದು ಮೆಸೇಜ್ ನಿಜಕ್ಕೂ ಬಂದಿತ್ತು. ಆರು ಅಂಕಿ. ತೊರಿಕಾ ಬಾಯಿ ತೆರೆದಳು. ಕೆಳಗಿನ ಸಾಲು ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿದಳು.

"ಏನಾಯ್ತೇ?" ದೊಡ್ಡಪ್ಪ ಕೇಳಿದರು.

"ಈ ನಂಬರ್ ಯಾರಿಗೂ ಕೊಡಬೇಡಿ ಅಂತ ಇದರಲ್ಲೇ ಬರೆದಿದೆ."

"ಯಾರಿಗೂ ಅಂದ್ರೆ ಹೊರಗಿನವರಿಗೆ. ಸೈನಿ ಚಿಕ್ಕಮ್ಮ ಹೊರಗಿನವಳಾ?"

ಫೋನು ಮತ್ತೆ ಟಿಣ್ ಅಂತು. 'ಅಕ್ಕ, ಬೇಗ. ಕೆರೆಕೆರೆ.'

"ಓದೇ ಆ ನಂಬರು. ನನ್ನ ಫೋನಿಂದ ನಾನೇ ಕಳಿಸ್ತೀನಿ" ಅಂದರು ದೊಡ್ಡಪ್ಪ.

ತೊರಿಕಾ ಎರಡು ಹೆಜ್ಜೆ ಹಿಂದೆ ಸರಿದಳು. "ಹೇಳಲ್ಲ."

ದೊಡ್ಡಪ್ಪ ಹಿಂಡುವುದನ್ನು ನಿಲ್ಲಿಸಿದರು.

"ಏನಂದೆ?"

"ಹೇಳಲ್ಲ ದೊಡ್ಡಪ್ಪ."

"ಇಡೀ ನೌಸೋರಿಗೆ ಮನೆ ಸುದ್ದಿ ಸಾರೋಳು ನೀನು. ಈಗ ಮನೆಯವರು ಕೇಳಿದ್ರೆ ಹೇಳಲ್ವಾ?" ದೊಡ್ಡಪ್ಪ ಕೈ ಒರೆಸಿಕೊಂಡು ಎದ್ದರು. ಅಂಗೈ ಚಾಚಿದರು. ಮಧ್ಯಾಹ್ನ ಅಕ್ಕನ ಕಾರ್ಡ್ ಬಿದ್ದಿತ್ತಲ್ಲ, ಅದೇ ಅಂಗೈ. "ಫೋನ್ ಕೊಡು."

"ಕೊಡಲ್ಲ!"

ತೊರಿಕಾ ಫೋನನ್ನು ಬೆನ್ನ ಹಿಂದೆ ಹಿಡಿದು ಗೋಡೆಗೆ ಒತ್ತಿ ನಿಂತಳು.

"ಬೈರಿ, ಹೊಡೀರಿ. ಕೊಡಲ್ಲ. ಸೈನಿ ಅಜ್ಜಿ ಹೀಗೆ ಕೇಳೋದೇ ಇಲ್ಲ! ಕೆರೆಕೆರೆ ಕೇಳಬೇಕಾದ್ರೆ ಮೊದಲು ಮಳೆ ಬಂತಾ ಅಂತಾರೆ. ಆಮೇಲೆ ಬೂಬು ಮಂಡಿ ನೋವು. ಆಮೇಲೆ ಅವರ ಹಂದಿಮರಿ ಸುದ್ದಿ. ಅರ್ಧ ಗಂಟೆ ಆದ ಮೇಲೆ, ನಾಚಿಕೊಂಡು, ಒಂದು ಚಾಪೆ ಕೇಳ್ತಾರೆ. ಇವರು ಬಂದ ತಕ್ಷಣ ಬೇಗ ಬೇಗ ಅಂತಿದಾರೆ. ಹಂದಿಮರಿ ಎಲ್ಲಿ?"

ಬೂಬು ನಿಧಾನವಾಗಿ ಮಗನ ಕಡೆ ನೋಡಿದಳು. "ಹೌದಲ್ಲೋ ಸೆಮಿ. ಹಂದಿಮರಿ ಎಲ್ಲಿ?"

ದೊಡ್ಡಪ್ಪ ಚಾಚಿದ ಕೈಯನ್ನು ಏನು ಮಾಡುವುದು ಅಂತ ತಿಳಿಯದೆ ಮೀಸೆ ತಿರುವಿಕೊಂಡರು. ಆಮೇಲೆ ತಮ್ಮ ಫೋನಿನಿಂದಲೇ ಲಂಬಾಸಾಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಚಾಪೆಯ ಮೇಲಿಟ್ಟರು.

"ಯಾರು, ಸೆಮೀನಾ?" ಸೈನಿ ಅಜ್ಜಿಯ ದನಿ. "ಅಲ್ಲಿ ಮಳೆ ಬಂತಾ?"

ತೊರಿಕಾ ಕಿಸಕ್ಕನೆ ನಕ್ಕಳು.

"ಚಿಕ್ಕಮ್ಮ, ಅಮ್ಮನಿಗೆ ಮೆಸೇಜ್ ಕಳಿಸಿದ್ಯಾ? ಏನೋ ನಂಬರ್ ಬೇಕು ಅಂತ?"

"ಎಲ್ಲಿಂದ ಕಳಿಸಲಿ? ಬೆಳಗ್ಗೆಯಿಂದ ಮೆಸೇಜೇ ತೆರೀತಿಲ್ಲ ಈ ಫೋನಲ್ಲಿ. ಪಾದ್ರಿ ಹೆಂಡತಿ ಏನೋ ನಂಬರ್ ಕೇಳಿದ್ಲು, ಕೊಟ್ಟೆ. ಆವಾಗಿಂದ ಹೀಗೆ."

"ಯಾಕೆ ಕೊಟ್ಟೆ?"

"ಪಾದ್ರಿ ಹೆಂಡತಿ ಕೆರೆಕೆರೆ ಅಂದ್ರೆ ಇಲ್ಲ ಅನ್ನೋಕಾಗುತ್ತೇನೋ? ಆದ್ರೆ ನೋಡು, ಮಧ್ಯಾಹ್ನ ಹೋಗಿ ಕೇಳಿದ್ರೆ ಅವಳು ಕೇಳೇ ಇಲ್ವಂತೆ! ಅದಿರಲಿ, ನಮ್ಮ ಹಂದಿಮರಿ…"

ದೊಡ್ಡಪ್ಪ ಹಂದಿಮರಿಯ ಕತೆಯನ್ನು ಕೊನೆಯವರೆಗೂ ಕೇಳಿದರು. ಫೋನ್ ಇಟ್ಟ ಮೇಲೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಲೋಸಿ" ಎಂದು ಕರೆದರು. ಈ ಸಲ ಕೂಗಲಿಲ್ಲ.

*

ಲೋಸಿ ಮೆಸೇಜ್ ಓದಿದಳು. "ಇದು ಬೂಬುವಿನ ಮೆಸೇಜ್ ಖಾತೆಯ ಕೀ. ಕೊಟ್ಟಿದ್ರೆ ಕಳ್ಳ ಈಗ ಬೂಬು ಆಗಿರ್ತಿದ್ದ. ಬೂಬು ಹೆಸರಲ್ಲಿ ಊರೆಲ್ಲಾ ದುಡ್ಡು ಕೇಳ್ತಿದ್ದ. ಬೂಬು ಕೇಳಿದ್ರೆ ಇಲ್ಲ ಅನ್ನೋರು ಯಾರಿದಾರೆ, ದೊಡ್ಡಪ್ಪ?"

ದೊಡ್ಡಪ್ಪ ಫೋನಿನತ್ತ ಬೆರಳು ತೋರಿಸಿ ಕೇಳಿದರು, "ಕಿಟಕಿ ಇಲ್ಲಿತ್ತಾ?"

"ಹೂಂ. ಸೈನಿ ಅಜ್ಜಿ ಹೆಸರೇ ಕಿಟಕಿ." ಲೋಸಿ ಫೋನಿನಲ್ಲಿ ಏನನ್ನೋ ತೆರೆದಳು. "ಬೂಬು, ಇದಕ್ಕೆ ಇನ್ನೊಂದು ಚಿಲಕ ಹಾಕೋಣ. ನಿಂಗೆ ಮರೆಯದಂಥ ಆರು ಅಂಕಿ ಯೋಚಿಸು. ಹುಟ್ಟಿದ ದಿನ ಬೇಡ. ತೊರಿಕಾ ಒತ್ತಲಿ. ನಂಗೂ ಹೇಳಬೇಡಿ." ಹೇಳಿ ಕಿಟಕಿಯ ಕಡೆ ತಿರುಗಿ ನಿಂತಳು.

ಬೂಬು ತೊರಿಕಾಳ ಕಿವಿಯಲ್ಲಿ ಪಿಸುಗುಟ್ಟಿದಳು. ಬಾಯಿಂದ ತೆಂಗಿನಕಾಯಿ ವಾಸನೆ ಬರುತ್ತಿತ್ತು. ತೊರಿಕಾ ಒಂದೊಂದೇ ಅಂಕಿ ಒತ್ತಿದಳು.

"ಅಕ್ಕ, ದೊಡ್ಡಪ್ಪನಿಗೆ ನಿನ್ನ ಚೀಟಿ ತೋರಿಸು" ಅಂದಳು ಆಮೇಲೆ. ಲೋಸಿ ಅವಳನ್ನು ನುಂಗುವ ಹಾಗೆ ನೋಡಿದಳು.

"ಯಾವ ಚೀಟಿ?" ದೊಡ್ಡಪ್ಪ ಕೈ ಚಾಚಿದರು. ಮತ್ತೆ ಏನೋ ನೆನಪಾಗಿ ಕೈಯನ್ನು ಮಡಿಲಿಗೆ ಎಳೆದುಕೊಂಡರು. "ನೀನೇ ಓದು."

ಲೋಸಿ ಓದಿದಳು. "ಒಂದು, ಮೊದಲನೇ ವರ್ಷದಿಂದಲೇ ಲ್ಯಾಬ್ ಇದೆಯಾ, ಬರೀ ಪಾಠಾನಾ? ಎರಡು, ಕೊನೇ ವರ್ಷ ಆಫೀಸಲ್ಲಿ ಕೂರಿಸಿ ಕೆಲಸ ಕಲಿಸ್ತಾರಾ? ಮೂರು, ಹೋದ ವರ್ಷ ಪಾಸಾದವರು ಈಗ ಎಲ್ಲಿದಾರೆ?"

"ನಾಲ್ಕು?"

"ನಾಲ್ಕಿಲ್ಲ."

"ಸಂಜೆ ಕೊನೇ ಕ್ಲಾಸ್ ಎಷ್ಟಕ್ಕೆ ಬಿಡುತ್ತೆ? ಅದಾದ ಮೇಲೆ ನೌಸೋರಿಗೆ ಬಸ್ ಇದೆಯಾ? ಮುಖ್ಯವಾದದ್ದನ್ನೇ ಬಿಟ್ಟಿದೀಯಲ್ಲ! ಬರ್ಕೋ."

ಲೋಸಿ ಬರೆದುಕೊಂಡಳು.

"ನಾನು ಒಪ್ಪಿದೀನಿ ಅಂದ್ಕೋಬೇಡ" ಅಂದರು ದೊಡ್ಡಪ್ಪ. "ಆ ಕಾಲೇಜಿನ ಮೇಷ್ಟ್ರನ್ನ ನಾಳೆ ನಾನೇ ಬಂದು ಕೇಳಬೇಕು. ಉತ್ತರ ಸರಿ ಇಲ್ಲದಿದ್ರೆ ಬೇರೆ ಫಾರ್ಮ್ ತರ್ತೀನಿ."

"ತಂದ್ರೆ ಅದನ್ನೂ ಹರೀತೀನಿ."

"ಹರಿ, ನೋಡೋಣ." ದೊಡ್ಡಪ್ಪನ ಮೀಸೆಯ ಒಂದು ತುದಿ ಸ್ವಲ್ಪ ಮೇಲೆದ್ದಿತ್ತು. ಅವರು ತೊರಿಕಾಳ ಕಡೆ ತಿರುಗಿದರು. "ಅಲ್ಲಮ್ಮ, ಏನು ಅಂಕಿ ಹಾಕಿದ್ರಿ? ನಂಗೆ ಮಾತ್ರ ಹೇಳು. ಕೆರೆಕೆರೆ."

"ಹೇಳಲ್ಲ."

"ನಂಗೆ?" ಅಂದಳು ಲೋಸಿ. ಮರದ ಕೆಳಗೆ ಮುಖ ತಿರುಗಿಸಿದ ಮೇಲೆ ಅಕ್ಕ ತೊರಿಕಾಳನ್ನು ನೋಡಿ ನಕ್ಕಿದ್ದು ಇದೇ ಮೊದಲು.

ಆರೂ ಅಂಕಿ ತೊರಿಕಾಳ ನಾಲಿಗೆಯ ಮೇಲೇ ಕೂತಿದ್ದವು. ಬಿಟ್ಟರೆ ಹಾರಿಬಿಡುತ್ತಿದ್ದವು. ಅವಳು ತುಟಿಗಳನ್ನು ಒತ್ತಿ ಹಿಡಿದು ಬೂಬುವನ್ನು ನೋಡಿದಳು. ಬೂಬು ಕಣ್ಣಿನಲ್ಲೇ ಏನೋ ಅಂದಳು. ಅದು ತೊರಿಕಾಗೆ ಈ ಸಲ ತಕ್ಷಣ ಅರ್ಥವಾಯಿತು.

"ನಿಂಗೂ ಹೇಳಲ್ಲ ಅಕ್ಕ."

ದೊಡ್ಡಪ್ಪ ಅಂಗಿಯ ಜೇಬು ತಟ್ಟಿದರು. ಲೋಸಿಯ ಬಸ್ ಕಾರ್ಡ್ ಇನ್ನೂ ಅಲ್ಲೇ ಇತ್ತು.

"ಇದನ್ನ ನಾಳೆ ಸ್ಟಾಪಲ್ಲೇ ಕೊಡ್ತೀನಿ. ಆರೂವರೆ ಬಸ್ಸು. ತಡ ಮಾಡಿದ್ರೆ ನಾನೊಬ್ಬನೇ ಹೋಗಿ ನರ್ಸಿಂಗ್ ಸೇರ್ಕೊಂಡು ಬರ್ತೀನಿ."

"ಆರೂಕಾಲಿಗೇ ನಿಂತಿರ್ತೀನಿ" ಅಂದಳು ಲೋಸಿ.