ಛಾವಣಿಯಿಂದ ಬಿದ್ದವನ ಒಲೆ

"ನನ್ನ ಒಲಿ ಎಲ್ಲಿ?"

ಅಖ್ತರಬಾನು ಕೇಳಿದ್ದು ಅಷ್ಟೇ. ಗೋವಾದ ವಾಸ್ಕೋ ಪೇಟೆಗೆ ಹೋಗಿ ಗಂಡನ ಔಷಧಿ ತೆಗೆದುಕೊಂಡು, ಬಸ್ಸು ಸಿಗದೆ ಸಡಾ ಗುಡ್ಡದ ಏರನ್ನು ನಡೆದೇ ಹತ್ತಿ ಬಂದಿದ್ದಳು. ಏದುಸಿರು ಇನ್ನೂ ಇಳಿದಿರಲಿಲ್ಲ. ಭಾವನ ಮನೆಯ ಹಿಂಗೋಡೆಗೆ ಆನಿಸಿ, ಒಡಕು ಸಿಮೆಂಟ್ ಶೀಟುಗಳನ್ನು ನಿಲ್ಲಿಸಿ ಮಾಡಿದ ಖೋಲಿಯೇ ಅವಳ ಸಂಸಾರ. ಆ ಖೋಲಿಯಲ್ಲಿ ಈಗ ಏನೂ ಇರಲಿಲ್ಲ. ಪಾತ್ರೆಗಳಿರಲಿಲ್ಲ, ಮಂಚವಿರಲಿಲ್ಲ, ಮಂಚದ ಮೇಲೆ ಮಲಗಿದ್ದ ಗಂಡನೂ ಇರಲಿಲ್ಲ. ಒಲೆ ಇದ್ದ ಮೂಲೆಯನ್ನು ಸಗಣಿ ಹಾಕಿ ಸಾರಿಸಿದ್ದರು. ಅದರ ಹಿಂದಿನ ಶೀಟಿಗೆ ಬಳಿದ ಸುಣ್ಣ ಇನ್ನೂ ಹಸಿಯಾಗಿತ್ತು.

ಅತ್ತೆ ದಸ್ತಗೀರಬಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಎರಡೂ ಕೈ ಮಣ್ಣಾಗಿದ್ದವು.

"ನಾನ ಒಡದೆ."

"ಯಾಕ?"

"ಇವತ್ತ ಪಣಜಿಯಿಂದ ವಿಮಾ ಕಂಪನಿ ಸಾಹೇಬ ಬರ್ತಾನ. ಮನಿ ನೋಡಾಕ ಬರ್ತಾನಂತ ಏಜೆಂಟ ಕಂಠೆಪ್ಪ ಹೇಳಿಲ್ಲೇನು? ಬಂದವ ಏನ್ ನೋಡಬೇಕು? ಹಡದ ಮಗನ್ನ ಹಿತ್ತಲದಾಗ ನಾಯಿ ಕಟ್ಟಿದಂಗ ಕಟ್ಟ್ಯಾರಂತ ನೋಡಬೇಕೇನು?"

"ವರ್ಷಾತು ಕಟ್ಟಿ. ಇವತ್ತ ನಾಚಿಕಿ ಬಂತೇನು?"

"ನಾಲಗಿ ಬಿಗಿ ಹಿಡಿ! ಬಾಬು ಒಳಗ ಅದಾನ. ಹೊಸಾ ಚಾದರ ಹಾಸೇನಿ. ನೀನೂ ಚಲೋ ಸೀರಿ ಉಟ್ಕೊಂಡು ಒಳಗ ಬಾ. ಸಾಹೇಬ ಹೋಗೂತನಕ ಒಂದೇ ಮನಿಯವರಂಗ ಇರು."

ಪಕ್ಕದ ಮನೆಯ ಫಕೀರವ್ವ ಗೋಡೆಯ ಮೇಲಿಂದ ಇಣುಕಿದಳು. "ಏನ ದಸ್ತಗೀರಬಿ, ಸುಣ್ಣಾ ಬಣ್ಣಾ ಭಾಳ ನಡದೈತಿ. ಕನ್ಯಾ ನೋಡಾಕ ಬರ್ತಾರೇನು?"

ದಸ್ತಗೀರಬಿ ಸರಕ್ಕನೆ ಒಳಗೆ ಹೋದಳು. ಮಗನನ್ನು ಹಿತ್ತಲಿಗೆ ಹಾಕಿದ್ದು ಓಣಿಗೆಲ್ಲ ಗೊತ್ತಿದ್ದ ಸಂಗತಿಯೇ. ಬಾಯಿಬಿಟ್ಟು ಹೇಳಿದವರು ಮಾತ್ರ ಯಾರೂ ಇರಲಿಲ್ಲ.

ದಸ್ತಗೀರಬಿಯ ಹಿರಿಯ ಮಗ ಮಲಿಕಸಾಬ ಛಾವಣಿ ಕೆಲಸದ ಗುತ್ತಿಗೆದಾರ. ಕಾರ್ಖಾನೆಗಳ ಮೇಲೆ ಶೀಟು ಹೊದಿಸುವುದು, ಒಡೆದದ್ದನ್ನು ಬದಲಿಸುವುದು ಅವನ ದಂಧೆ. ತಮ್ಮ ಬಾಬುಸಾಬ ಮೀಸೆ ಮೂಡುವ ಮೊದಲಿನಿಂದ ಅವನ ಕೈಕೆಳಗೆ ಮೇಲೆ ಹತ್ತಿದವನು. ಶನಿವಾರ ಸಂಜೆ ಆಳುಗಳೆಲ್ಲ ಸಾಲಾಗಿ ನಿಂತು ಪಗಾರ ತೆಗೆದುಕೊಳ್ಳುವಾಗ ಬಾಬುಸಾಬ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಿದ್ದ. "ತಮ್ಮಗ ಎಂಥಾ ಪಗಾರ? ಎಲ್ಲಾ ಅವಂದ ಅಲ್ಲೇನು?" ಎಂದು ಮಲಿಕಸಾಬ ನಗುತ್ತಿದ್ದ. ಮದುವೆಯಾಗಿ ಬಂದ ಅಖ್ತರಬಾನು ಒಂದು ದಿನ ಎಲ್ಲರ ಮುಂದೆಯೇ ಕೇಳಿಬಿಟ್ಟಳು: "ಎಲ್ಲಾ ಅವರದ ಅಂದ್ರ, ಬೀಡಿಗೂ ನಿಮ್ಮ ಮುಂದ ಯಾಕ ಕೈ ಒಡ್ಡಬೇಕ್ರಿ ಭಾವಾ?"

ಮನೆಯೇ ಹೊತ್ತಿಕೊಂಡಿತು! "ನಿನ್ನ ಗಂಡಗ ಕೂಲಿ ಬೇಕೇನು? ಹಂಗಾರ ಕೂಲಿಯವರಂಗ ಹೊರಗ ಇರ್ರಿ!" ಎಂದು ದಸ್ತಗೀರಬಿ ಅವಳ ಪಾತ್ರೆಗಳನ್ನು ಒಂದೊಂದಾಗಿ ಹಿತ್ತಲಿಗೆ ಎಸೆದಳು. ಬಾಬುಸಾಬ ಬಾಗಿ ಅವನ್ನು ಒಂದೊಂದಾಗಿ ಆರಿಸಿಕೊಂಡ. ಅಂದಿನಿಂದ ಅವನೂ ಶನಿವಾರದ ಸಾಲಿನಲ್ಲಿ ನಿಂತ. ಹೆಂಡತಿ ಹಾಕಿದ ಬೇರೆ ಒಲೆಯ ರೊಟ್ಟಿ ತಿಂದ. ಹಬ್ಬದ ದಿನವೂ ಒಳಗಿನಿಂದ ಯಾರೂ ಕರೆಯಲಿಲ್ಲ.

ಆಮೇಲೆ ಮಡ್ಕಯಿಯ ಒಂದು ಕಾರ್ಖಾನೆಯ ಛಾವಣಿ ಕೆಲಸ ಬಂತು. ವಿಮೆ ಇಲ್ಲದ ಆಳು ತನ್ನ ಛಾವಣಿ ಹತ್ತಬಾರದು ಎಂದು ಕಾರ್ಖಾನೆಯ ಮಾಲೀಕ ಪಟ್ಟು ಹಿಡಿದ. ಮಲಿಕಸಾಬ ಶಪಿಸುತ್ತಲೇ ಏಜೆಂಟ್ ಕಂಠೆಪ್ಪನನ್ನು ಕರೆಸಿ, ಪಗಾರ ತೆಗೆದುಕೊಳ್ಳುವ ಎಲ್ಲರ ಹೆಸರು ಬರೆಸಿದ. ಬಾಬುಸಾಬನ ಹೆಸರೂ ಬಂತು. ಹಳೆಯ ಶೀಟಿನ ಮೇಲೆ ನಡೆಯುವವರು ಹಲಗೆ ಹಾಸಿಕೊಂಡು ನಡೆಯಬೇಕು. ಇಲ್ಲದಿದ್ದರೆ ಶೀಟು ಹಪ್ಪಳದಂತೆ ಮುರಿಯುತ್ತದೆ. "ಹಲಗಿ ಎತ್ತಿ ಇಡೂದರಾಗ ಹೊತ್ತು ಮುಳಗ್ತೈತಿ, ಹಂಗ ದಾಟಲೇ!" ಎಂದು ಮಲಿಕಸಾಬ ಕೆಳಗಿನಿಂದ ಕೂಗಿದ. ಬಾಬುಸಾಬ ದಾಟಿದ. ಬಿದ್ದದ್ದು ಯಂತ್ರದ ಪಕ್ಕದ ಕಾಂಕ್ರೀಟಿನ ಮೇಲೆ. ಇನ್ನು ಅವನು ಎದ್ದು ನಿಲ್ಲುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿ ಮನೆಗೆ ಕಳಿಸಿದರು. ಈಗ ಗಂಡ ಹೆಂಡತಿಯ ಮುಂದಿನ ಬದುಕೆಲ್ಲ ಆ ಕಂಪನಿಯ ಪರಿಹಾರದ ಮೇಲೆ ನಿಂತಿತ್ತು.

ಮಧ್ಯಾಹ್ನ ಸಾಹೇಬ ಬಂದ. ಹಿಂದಿಯಲ್ಲಿ ಕೇಳುತ್ತಿದ್ದ, ಕಂಠೆಪ್ಪ ಅದನ್ನು ಕನ್ನಡ ಮಾಡಿ ಹೇಳುತ್ತಿದ್ದ. ನಡುಮನೆಯ ತುಂಬ ಬಿರಿಯಾನಿಯ ಘಮ. ಹೊಸ ಚಾದರದ ಮೇಲೆ ಬಾಬುಸಾಬನನ್ನು ಮದುಮಗನಂತೆ ಮಲಗಿಸಿದ್ದರು. ಅವನ ಸವಕಲು ತಟ್ಟೆ ಅಣ್ಣನ ತಟ್ಟೆಯ ಪಕ್ಕದಲ್ಲಿತ್ತು. ಅಖ್ತರಬಾನು ಸೀರೆ ಬದಲಿಸದೆ ಬಾಗಿಲ ಬಳಿ ನಿಂತಿದ್ದಳು.

"ಗಾಯ ಆದವರು ಎಲ್ಲಿರ್ತಾರಂತ ಕೇಳಾಕತ್ತಾರ" ಎಂದ ಕಂಠೆಪ್ಪ. ಇವರು ಬೇರೆ ಇರುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಈ ಪ್ರಶ್ನೆಯ ಬಗ್ಗೆ ಮನೆಯವರನ್ನು ಮೊದಲೇ ಎಚ್ಚರಿಸಬೇಕೆಂದು ಅವನಿಗೆ ಅನಿಸಿರಲಿಲ್ಲ.

ಮಲಿಕಸಾಬ ಎದೆ ಉಬ್ಬಿಸಿದ. "ಇಲ್ಲೇ ಇರ್ತಾನ್ರೀ ಸಾಹೇಬ್! ನಮ್ಮದು ಒಂದೇ ಮನಿ, ಒಂದೇ ಒಲಿ. ನನ್ನ ತಮ್ಮ ಆಳಲ್ಲ, ಅವನೂ ಮಾಲೀಕನ!"

ಕಂಠೆಪ್ಪ ಅದನ್ನು ಹಿಂದಿ ಮಾಡಿ ಹೇಳಲೇ ಇಲ್ಲ. ಅವನ ಮುಖ ಬಿಳಿಚಿತು. ಆದರೆ ಅಷ್ಟು ಕನ್ನಡ ಸಾಹೇಬನಿಗೂ ಅರ್ಥವಾಗುತ್ತಿತ್ತು. ಅವನು ಪೆನ್ನಿನ ಮುಚ್ಚಳ ಹಾಕಿದ.

"ಮಲಿಕಸಾಬ, ಏನ್ ಹೇಳಿದಿ ಮಾರಾಯಾ!" ಕಂಠೆಪ್ಪ ತಲೆ ಚಚ್ಚಿಕೊಂಡ. "ಪಗಾರದ ಆಳು ಬಿದ್ರ ಕಂಪನಿ ಕೊಡತೈತಿ. ಗುತ್ತಿಗೆದಾರನ ಮನ್ಯಾಗ, ಅವನ ಕೂಡ ಇರೂ ಮನಿಮಂದಿ ಬಿದ್ರ ಕೊಡಂಗಿಲ್ಲ. ಬಾಬು ಬ್ಯಾರೆ ಅದಾನಂತನ ಅವನ ಹೆಸರು ಹಾಕಿಸಿದ್ದೆ. ಒಂದೇ ಒಲಿ ಅಂದ್ರ... ಮುಗೀತು!"

"ಸುಳ್ಳು!" ಅಖ್ತರಬಾನು ಒಳಗೆ ನುಗ್ಗಿದಳು. "ಸುಳ್ಳು ರೀ ಸಾಹೇಬ್! ನಾವು ಹಿತ್ತಲದಾಗ ಬ್ಯಾರೆ ಇರ್ತೇವಿ. ಬ್ಯಾರೆ ಬೇಯಿಸ್ಕೊಂಡು ತಿಂತೇವಿ. ನನ್ನ ಗಂಡ ಮಾಲೀಕ ಅಲ್ಲ, ಕೂಲಿ! ಆಳು ಸೋಮಲಪ್ಪನ ಹಿಂದ ಸಾಲಾಗಿ ನಿಂತು ಪಗಾರ ತಗೊಂಡಾನ!"

ಸಾಹೇಬ ನಿಧಾನವಾಗಿ ಕೇಳಿದ: ಒಲೆ ಎಲ್ಲಿದೆ?

ಅವಳು ತಿರುಗಿ ಅತ್ತೆಯ ಕೈಗಳನ್ನು ನೋಡಿದಳು.

ನಿಯಮ ಕೇಳಿದ ಮೇಲೆ ಎಲ್ಲರೂ ಹೀಗೆಯೇ ಮಾತು ತಿರುಗಿಸುತ್ತಾರೆ ಎಂದ ಸಾಹೇಬ. ಮನೆಯ ಯಜಮಾನನೇ ಹೇಳಿದ್ದಾನೆ. ಅವನು ತಪ್ಪು ಹೇಳಿದೆ ಅನ್ನಲಿ, ನೋಡೋಣ. ಎಲ್ಲರೂ ಮಲಿಕಸಾಬನ ಕಡೆ ನೋಡಿದರು. ಕಿಟಕಿಯಲ್ಲಿ ಫಕೀರವ್ವ ಇದ್ದಳು. ಅವಳ ಹಿಂದೆ ಅರ್ಧ ಓಣಿ ಇತ್ತು. ಮಲಿಕಸಾಬ ಒಮ್ಮೆ ಕಿಟಕಿ ನೋಡಿದ, ಒಮ್ಮೆ ನೆಲ ನೋಡಿದ.

"ಕಂಪನಿ ಕೊಡದಿದ್ರ ಹೋತು" ಎಂದ. "ನನ್ನ ತಮ್ಮನ್ನ ನಾ ಸಾಕ್ತೇನಿ."

"ನೀವು ಸಾಕಿದ್ದು ನೋಡೇನಿ!" ಅಖ್ತರಬಾನು ಗಂಡನ ಮಂಚಕ್ಕೆ ತಿರುಗಿದಳು. "ನೀವರೆ ಹೇಳ್ರಿ! ಬಾಯಿ ಬಿಡ್ರಿ!"

ಬಾಬುಸಾಬ ತಾಯಿಯನ್ನು ನೋಡಿದ. ಕಿಟಕಿಯಲ್ಲಿದ್ದ ಮುಖಗಳನ್ನು ನೋಡಿದ. ತನ್ನ ಉತ್ತರಕ್ಕೆ ಏನು ಬೆಲೆ ಎಂಬುದು ಅವನಿಗೆ ಈಗ ಗೊತ್ತಿತ್ತು.

"ಒಂದೇ ಮನಿ ರೀ ಸಾಹೇಬ್" ಎಂದ. "ನಮ್ಮವ್ವ ನನ್ನ ಎಂದೂ ಹೊರಗ ಹಾಕಿಲ್ಲ."

"ಕಾಲ ಸತ್ತಾವು... ನಾಲಗಿನೂ ಸತ್ತೈತೇನು ನಿಮ್ಮದು!" ಅಖ್ತರಬಾನು ಮಂಚದ ಕಾಲಿಗೆ ಹಣೆ ಬಡಿದುಕೊಂಡಳು. "ಇನ್ನ ನಾ ಏನ್ ತಿನ್ನಿಸಲಿ ನಿಮಗ? ಇವರ ಮರ್ಯಾದಿ ತಿನ್ನಿಸಲೇನು? ಅದನ್ನ ಅರದು, ರೊಟ್ಟಿ ಬಡಿಲೇನು?"

ಸಾಹೇಬ ಎದ್ದ. ಚಪ್ಪಲಿ ಹಾಕಿಕೊಳ್ಳಲು ಬಾಗಿದ.

"ಕುಂದರ್ರಿ!"

ದಸ್ತಗೀರಬಿಯ ದನಿ ಅದು. ಅವಳು ಮಗನನ್ನೇ ನೋಡುತ್ತಿದ್ದಳು. ಹೊರಗೆ ಹಾಕಿದ ದಿನ ಇವನು ಜಗಳಾಡಿದ್ದರೆ, ಇವತ್ತು ಎಲ್ಲರ ಮುಂದೆ ಅವಳ ಹೆಸರು ಹಿಡಿದು ಬೈದಿದ್ದರೆ ಅವಳು ತಿರುಗಿ ಬೈದು ಗೆಲ್ಲುತ್ತಿದ್ದಳು. ಬೈಯುವುದು ಅವಳಿಗೆ ಬರುತ್ತಿತ್ತು. ಆದರೆ ಈ ಮೂರ್ಖ ತನ್ನ ಉಳಿದ ಅರ್ಧ ಜೀವವನ್ನೂ ಅವಳ ಮರ್ಯಾದೆಗೆ ಹಾಸಿ ಮಲಗಿದ್ದ!

"ಅವ ಸುಳ್ಳ ಹೇಳತಾನ" ಎಂದಳು. "ನಾನ ಹೊರಗ ಹಾಕೇನಿ. ವರ್ಷಾತು."

"ಅವ್ವಾ!" ಮಲಿಕಸಾಬ ಗುಡುಗಿದ.

"ಬಾಯಿ ಮುಚ್ಚಲೇ! ಹಲಗಿ ಕೊಡಲಾರದ ಕೊಂದಿ, ಇನ್ನ ಮಾತು ಕೊಟ್ಟು ಕೊಲ್ತಿಯೇನು?" ಅವಳು ಎರಡೂ ಕೈಗಳನ್ನು ಸಾಹೇಬನ ಮುಖಕ್ಕೆ ಹಿಡಿದಳು. "ನೋಡ್ರಿ, ಉಗುರಾಗ ಇನ್ನೂ ಒಲಿ ಮಣ್ಣೈತಿ. ಮುಂಜಾನಿ ನಾನ ಒಡದೇನಿ. ನೀವು ನೋಡಿದ್ರ ಅಸಹ್ಯ ಆಗತೈತಂತ. ಬರ್ರಿ, ಹಿತ್ತಲಕ್ಕ ಬರ್ರಿ!"

ಅವಳ ಹಿಂದೆ ಸಾಹೇಬ ನಡೆದ, ಓಣಿಯೂ ನಡೆಯಿತು. ಹಸಿ ಸುಣ್ಣದ ಶೀಟಿಗೆ ದಸ್ತಗೀರಬಿ ಸೆರಗು ಒತ್ತಿ ತಿಕ್ಕಿದಳು. ಸುಣ್ಣ ಜಾರಿತು. ಅದರ ಅಡಿಯಲ್ಲಿ ವರ್ಷದ ಹೊಗೆಯ ಮಸಿ, ಉಗುರು ದಪ್ಪ, ಡಾಂಬರಿನಂತೆ ಕಪ್ಪಾಗಿ ಮೇಲೆದ್ದಿತು. ಅವಳು ತಿಕ್ಕುತ್ತಲೇ ಇದ್ದಳು. "ಇಲ್ಲೇ ಬೇಸ್ಯಾಳ ಅಕಿ. ಹಬ್ಬದಾಗ ಸೈತ ಇಲ್ಲೇ ಬೇಸ್ಯಾಳ. ಮಗಾ ಬಿದ್ದು ಬಂದಾಗ ಸೈತ ಒಳಗ ಕರೀಲಿಲ್ಲ ನಾನು... ಬರಕೋರಿ! ದಸ್ತಗೀರಬಿ ಮಗನ್ನ ಹೊರಗ ಹಾಕ್ಯಾಳಂತ ಬರಕೋರಿ!"

ಸಾಹೇಬ ಶೀಟನ್ನು ಮುಟ್ಟಿ ನೋಡಿದ. ಬೆರಳ ಮಸಿಯನ್ನು ನೋಡಿದ. ಪೆನ್ನಿನ ಮುಚ್ಚಳ ತೆಗೆದ. ತಾನು ಕಂಡದ್ದನ್ನು ಬರೆಯುತ್ತೇನೆ, ಅದಕ್ಕಿಂತ ಹೆಚ್ಚು ಹೇಳಲಾರೆ ಎಂದ. ಕಂಠೆಪ್ಪ ಅಖ್ತರಬಾನುವಿನ ಕಡೆ ತಿರುಗಿ ತಲೆಯಾಡಿಸಿದ: "ಆಗತೈತಿ ಬಿಡವ್ವಾ."

ಅವರು ಹೋದ ಮೇಲೆ ಮಲಿಕಸಾಬ ನಡುಮನೆಯಲ್ಲಿ ತಟ್ಟೆಗಳನ್ನು ಒದ್ದ. "ನನ್ನ ಮಾನ ಹರಾಜ ಹಾಕಿದಿ! ನೀನೂ ಅವರ ಕೂಡ ಹೋಗು ಹಿತ್ತಲಕ್ಕ!"

"ಹೋಕ್ಕೇನಿ. ಮೊದಲು ಮಂಚಾ ಹಿಡಿ" ಎಂದಳು ದಸ್ತಗೀರಬಿ. "ನನ್ನ ಮಗಾ ಈ ಮನ್ಯಾಗ ಇರಬಾರದು. ಹೊರಗ ಹಾಕು ಅವನ್ನ."

ಮಗನಿಗಾಗಿಯೇ ಅವಳು ಮಗನನ್ನು ಎರಡನೆಯ ಸಲ ಹೊರಗೆ ಹಾಕುತ್ತಿದ್ದಳು. ಮಲಿಕಸಾಬ ಹಲ್ಲು ಕಚ್ಚಿ ಒಂದು ತುದಿ ಹಿಡಿದ, ಅಖ್ತರಬಾನು ಇನ್ನೊಂದು. ಬಾಬುಸಾಬ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅವನನ್ನು ಯಾರೂ ಸಂತೈಸಲಿಲ್ಲ.

ಸಂಜೆಯ ಹೊತ್ತಿಗೆ ದಸ್ತಗೀರಬಿ ಮೂಲೆಯಲ್ಲಿ ಕುಳಿತು ಮೂರು ಕಲ್ಲು ಜೋಡಿಸಿ, ಮಣ್ಣು ಕಲಸಿ, ಒಲೆ ಮೆತ್ತಲು ತೊಡಗಿದಳು. ಮೆತ್ತಿದ ಮಣ್ಣು ಜಾರುತ್ತಿತ್ತು. ಅಖ್ತರಬಾನು ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿ ಪಕ್ಕಕ್ಕೆ ಸರಿಸಿದಳು.

"ಬಿಡ್ರಿ. ನನ್ನ ಒಲಿ ನಾ ಹಾಕ್ಕೋತೇನಿ."

ಹಾಕಿದಳು. ಹಸಿ ಒಲೆಯಲ್ಲೇ ಬೆಂಕಿ ಹಚ್ಚಿದಳು. ಹೊಗೆ ಎದ್ದು ಸುಣ್ಣ ಉಳಿದಿದ್ದ ಜಾಗಕ್ಕೂ ಬಡಿಯಿತು. ಮೊದಲ ರೊಟ್ಟಿ ಗಂಡನಿಗೆ ಕೊಟ್ಟಳು. ದಸ್ತಗೀರಬಿ ಒಳಗೂ ಹೋಗದೆ, ಇಲ್ಲಿಯೂ ಕೂರದೆ, ಮಣ್ಣು ಒಣಗಿದ ಕೈಗಳನ್ನು ಇಳಿಬಿಟ್ಟು ಬಾಗಿಲಲ್ಲಿ ನಿಂತೇ ಇದ್ದಳು.

ಅಖ್ತರಬಾನು ತಂಬಿಗೆ ನೀರು ತಂದು ಅವಳ ಮುಂದೆ ಕುಕ್ಕಿದಳು.

"ಕೈ ತೊಳಕೋರಿ. ಆ ಮಣ್ಣು ನನ್ನ ರೊಟ್ಟಿಗೆ ಹತ್ತೂದು ಬ್ಯಾಡ."